ದವಡೆ ಕೂಡಿಸಿದರೆ ಸಾಕೇ? ಹಲ್ಲು ಬೇಡವೇ?

ಗುಟ್ಕಾ, ತಂಬಾಕು ಜಗಿದು ಬಾಯಿ ಕ್ಯಾನ್ಸರ್ ಆದವರನ್ನು ನಾವೆಲ್ಲ ನೋಡಿದ್ದೇವೆ. ರೋಗ ಎಲುಬಿಗೆ ಇಳಿದಿದ್ದರೆ ಡಾಕ್ಟರು ದವಡೆಯ ಆ ಭಾಗವನ್ನೇ ತೆಗೆಯುತ್ತಾರೆ. ಮೊಣಕಾಲ ಕೆಳಗಿನ ಸಣ್ಣ ಎಲುಬಿನ ತುಂಡನ್ನು ರಕ್ತನಾಳ ಸಮೇತ ತಂದು ಅಲ್ಲಿ ಕೂಡಿಸುತ್ತಾರೆ. ಮುಖದ ಆಕಾರ ಉಳಿಯುತ್ತದೆ. ಆದರೆ ಹಲ್ಲೇ ಇಲ್ಲದಿದ್ದರೆ ರೊಟ್ಟಿ ಅಗಿಯುವುದು ಹೇಗೆ? ಗಂಜಿಯೇ ಗತಿ. ಮದುವೆ ಊಟಕ್ಕೆ ಪಂಕ್ತಿಯಲ್ಲಿ ಕೂರಲೂ ಸಂಕೋಚ.

ಮಾಮೂಲಿ ಹಲ್ಲಿನ ಸೆಟ್ ಇಂಥ ಬಾಯಲ್ಲಿ ನಿಲ್ಲುವುದು ಕಷ್ಟ. ಸೆಟ್ ಕೂರಲು ಬೇಕಾದ ವಸಡಿನ ಉಬ್ಬೇ ಅಲ್ಲಿರುವುದಿಲ್ಲ. ರೇಡಿಯೇಶನ್ ಆಗಿದ್ದರೆ ಬಾಯಿಯೂ ಒಣಗಿರುತ್ತದೆ. ದಾರಿ ಇದೆ: ಕೂಡಿಸಿದ ಎಲುಬಿಗೆ ಟೈಟಾನಿಯಂ ಸ್ಕ್ರೂ, ಅಂದರೆ ಇಂಪ್ಲಾಂಟ್ ಹಾಕಿ, ಅದು ಬೆಸೆಯಲು ಕೆಲವು ತಿಂಗಳು ಬಿಟ್ಟು, ಅದರ ಮೇಲೆ ಸೆಟ್ ಕೂರಿಸುವುದು.

ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡುವ 'ದಂತಭಾಗ್ಯ' ಯೋಜನೆ ತಂದ ರಾಜ್ಯ ನಮ್ಮದು. ಹಲ್ಲು ಶೋಕಿಯಲ್ಲ ಎಂದು ಸರ್ಕಾರ ಆಗಲೇ ಒಪ್ಪಿದಂತಾಯಿತು. ಹಾಗಾದರೆ ದವಡೆ ಕಳೆದುಕೊಂಡವರ ಇಂಪ್ಲಾಂಟ್ ಖರ್ಚನ್ನೂ ಕ್ಯಾನ್ಸರ್ ಚಿಕಿತ್ಸೆಯಲ್ಲೇ ಸೇರಿಸಬೇಕು ಎಂಬುದು ನಮ್ಮ ಒತ್ತಾಯ.

ನಿಮ್ಮವರಿಗೆ ಇಂಥ ಆಪರೇಶನ್ ಆಗಲಿದ್ದರೆ ಮೊದಲೇ ಕೇಳಿ: "ಸರ್, ಹಲ್ಲು ಯಾವಾಗ ಕೂರಿಸ್ತೀರಿ? ಕಾರ್ಡಲ್ಲಿ ಬರುತ್ತಾ?" ರೇಡಿಯೇಶನ್ ಆದ ಎಲುಬು ಸುಲಭಕ್ಕೆ ಮಾಯುವುದಿಲ್ಲ. ಆಮೇಲೆ ನೋಡೋಣ ಎನ್ನಬೇಡಿ.