ಯಾರೂ ಇಲ್ಲದ ಹೊತ್ತಿನ ಕೆಲಸಕ್ಕೆ ಯಾರು ಹೊಣೆ?

ಬ್ಯಾಂಕಿನ ಬಾಗಿಲು ತೆರೆದಿರುವಷ್ಟು ಹೊತ್ತು ಮಾತ್ರ ಹಣವು ಸಂಚರಿಸುತ್ತಿದ್ದ ಕಾಲವು ಮುಗಿದುಹೋಗಿದೆ. ಮುಂಬಯಿಯಲ್ಲಿ ಪ್ರಧಾನ ಕಚೇರಿಯುಳ್ಳ ರಿಸರ್ವ್ ಬ್ಯಾಂಕು 2019ರ ಡಿಸೆಂಬರ್ 16ರಿಂದ ನೆಫ್ಟ್ ವರ್ಗಾವಣೆಯನ್ನು ಅಹೋರಾತ್ರಿ ತೆರೆದಿರಿಸಿತು. 2021ರ ಆಗಸ್ಟ್ 1ರಿಂದ ಸಂಬಳ, ನಿವೃತ್ತಿವೇತನ, ಸಾಲದ ಕಂತುಗಳನ್ನು ಸಾಗಿಸುವ ನ್ಯಾಚ್ ವ್ಯವಸ್ಥೆಯೂ ಭಾನುವಾರ, ಹಬ್ಬಗಳೆನ್ನದೆ ನಡೆಯತೊಡಗಿತು. ಇಂಥ ಮಹಾವ್ಯವಸ್ಥೆಗಳಿಗೆ ರಾತ್ರಿಪಾಳಿಯ ಕಾವಲುಂಟು. ಆದರೆ ಮುಂಬಯಿಯ ಫೋರ್ಟ್ ಪ್ರದೇಶದ ಲೆಕ್ಕಪರಿಶೋಧಕರ ಕಚೇರಿ, ಉಪನಗರದ ಕ್ರೆಡಿಟ್ ಸೊಸೈಟಿ ಮೊದಲಾದೆಡೆ, ಎಲ್ಲರೂ ಲೋಕಲ್ ರೈಲು ಹಿಡಿದು ಮನೆಗೆ ತೆರಳಿದ ಮೇಲೆ ಬ್ಯಾಕಪ್ ತೆಗೆಯುವ, ವರದಿ ಕಳುಹಿಸುವ ಕಾರ್ಯವು ಒಂಟಿ ಕಂಪ್ಯೂಟರೊಂದರ ಪಾಲಿಗಿದ್ದು, ಅದು ತಪ್ಪಿದರೆ ಕೇಳುವವರೇ ಇರುವುದಿಲ್ಲ.

ಈ ದೋಷದ ಲಕ್ಷಣ ವಿಚಿತ್ರವಾದದ್ದು. ನೌಕರನು ಎದುರಿಗೆ ಕುಳಿತು ನಡೆಸಿದರೆ ಕೆಲಸವು ನಿರ್ವಿಘ್ನವಾಗಿ ಸಾಗುತ್ತದೆ. ಅವನು ಲಾಗ್‌ಔಟ್ ಮಾಡಿ ಎದ್ದುಹೋದನೆಂದರೆ ನಿಂತುಬಿಡುತ್ತದೆ. ಇದು ಯಂತ್ರದ ಚೇಷ್ಟೆಯಲ್ಲ. ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲಿ, ಬಳಕೆದಾರನು ಲಾಗಿನ್ ಆಗಿರುವಾಗ ಮಾತ್ರ ಕೆಲಸ ನಡೆಯತಕ್ಕದ್ದೆಂಬ ಆಯ್ಕೆಯೇ ಮೊದಲಿನಿಂದ ಗುರುತಾಗಿರುತ್ತದೆ. ಅದನ್ನು ಬದಲಿಸಿದರೂ ಅಲ್ಲಿ ಇರಿಸಿದ ಪಾಸ್‌ವರ್ಡ್ ಆ ನೌಕರನದಾಗಿದ್ದರೆ, ಅವನು ಅದನ್ನು ಬದಲಿಸಿದ ರಾತ್ರಿಯೇ ಕೆಲಸವು ಮುಗ್ಗರಿಸುತ್ತದೆ. ಝಡ್ ಎಂದು ಗುರುತಿಟ್ಟ ನೆಟ್‌ವರ್ಕ್ ಡ್ರೈವು ಅವನ ಲಾಗಿನ್ನಿನೊಡನೆ ಹುಟ್ಟಿ ಅದರೊಡನೆಯೇ ಅಳಿಯುವುದರಿಂದ, ಸರ್ವರಿನ ಹೆಸರು ಸಹಿತವಾದ ಪೂರ್ಣ ವಿಳಾಸವನ್ನೇ ಕೊಡಬೇಕು. ಯಾರೂ ಲಾಗಿನ್ ಆಗಿಲ್ಲದಾಗ ನಡೆಯುವ ಪ್ರೋಗ್ರಾಮಿಗೆ ಪರದೆಯ ಸಂಪರ್ಕವಿಲ್ಲದ ಕಾರಣ, ‘ಹಳೆಯ ಫೈಲನ್ನು ಅಳಿಸಲೇ?’ ಎಂದು ಅದು ಕೇಳಿದರೆ ಯಾರಿಗೂ ಕಾಣದ ಆ ಪ್ರಶ್ನೆಗೆ ಉತ್ತರವನ್ನು ನಿರೀಕ್ಷಿಸುತ್ತ ಬೆಳಗಿನವರೆಗೂ ನಿಂತಿರುತ್ತದೆ.

ಹೊರಗೆ ಇವು ತಾಂತ್ರಿಕ ದೋಷಗಳಾಗಿ ತೋರಿದರೂ ಬಹುಪಾಲಿನ ಮೂಲ ಒಂದೇ: ಸಂಸ್ಥೆಯ ಕಾರ್ಯವನ್ನು ವ್ಯಕ್ತಿಯ ಹೆಸರಿಗೆ ಕಟ್ಟಿರುವುದು. ಉಗ್ರಾಣದ ಬೀಗದ ಕೈಯನ್ನು ಊರಿಗೆ ಹೊರಟ ಅಡಿಗೆಯವನ ಸೊಂಟದಲ್ಲಿಯೇ ಬಿಟ್ಟು, ಮರುದಿನ ಹೋಟೆಲು ತೆರೆಯುವೆನೆಂದು ನಂಬುವ ಯಜಮಾನನನ್ನು ನಾವು ವಿವೇಕಿಯೆನ್ನುವೆವೆ?

ಕಂಪ್ಯೂಟರನ್ನು ರಾತ್ರಿಯಿಡೀ ಲಾಗಿನ್ ಆಗಿಯೇ ಬಿಟ್ಟರಾಯಿತೆಂದು ಹಲವರು ಹೇಳುವುದುಂಟು. ಪರದೆಗೆ ಬೀಗ ಹಾಕದೆ ಹೋದರೆ ಲೆಕ್ಕಪುಸ್ತಕಗಳು ಹಾದುಹೋಗುವವರಿಗೆಲ್ಲ ತೆರೆದಿರುತ್ತವೆ. ಬೀಗ ಹಾಕಿದರೂ ವಿದ್ಯುತ್ತು ಹೋಗಿ ಬಂದೊಡನೆ ಆ ಲಾಗಿನ್ ಉಳಿಯುವುದಿಲ್ಲ. 2020ರ ಅಕ್ಟೋಬರ್ 12ರಂದು ಮಹಾನಗರದ ಬಹುಭಾಗ ಗಂಟೆಗಟ್ಟಲೆ ವಿದ್ಯುತ್ತಿಲ್ಲದೆ ಕುಳಿತದ್ದನ್ನು ಮರೆಯಬಹುದೆ? ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ರಂದು ಲಕ್ಷಾಂತರ ಜನ ದಾರಿಯಲ್ಲಿಯೇ ಸಿಲುಕಿದರು. 2020ರ ಮಾರ್ಚಿನಲ್ಲಿ ನಿಂತ ಲೋಕಲ್ ರೈಲುಗಳು ಸಾಮಾನ್ಯ ಪ್ರಯಾಣಿಕರಿಗೆ ದೊರೆತದ್ದು, ಅದೂ ಸೀಮಿತ ವೇಳೆಯಲ್ಲಿ, 2021ರ ಫೆಬ್ರವರಿ 1ರಿಂದ. ಮತ್ತೆ ಲಾಗಿನ್ ಆಗಲು ಮನುಷ್ಯನು ಬಂದೇ ಬರುವನೆಂಬ ಭರವಸೆಯ ಮೇಲೆ ಈ ನಗರದಲ್ಲಿ ಯಾವ ವ್ಯವಸ್ಥೆಯನ್ನೂ ಕಟ್ಟಲಾಗದು.

ಪರಿಹಾರವು ದುಬಾರಿಯಲ್ಲ. ಇಂಥ ಕೆಲಸಕ್ಕೆ ಸಂಸ್ಥೆಯ ಹೆಸರಿನಲ್ಲಿಯೇ ಪ್ರತ್ಯೇಕ ಖಾತೆಯಿರಲಿ. ಅದಕ್ಕೆ ಅವಶ್ಯವಾದಷ್ಟೇ ಅಧಿಕಾರವಿರಲಿ. ಕೆಲಸ ಮುಗಿದ ಸುದ್ದಿ ಪ್ರತಿದಿನ ಇಬ್ಬರಿಗಾದರೂ ತಲುಪಲಿ. ಬಾರದಿದ್ದರೆ ಅದನ್ನೇ ವೈಫಲ್ಯವೆಂದು ತಿಳಿಯಲಿ. ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಒಂದು ಕಡತವನ್ನು ಮರಳಿ ತೆಗೆದು ನೋಡಲಿ. ಹಾಗೂ, ತಿಜೋರಿಯ ನಗದನ್ನು ಎಣಿಸುವ ಲೆಕ್ಕಪರಿಶೋಧಕರು, ಇರುಳಿನಲ್ಲಿ ನಡೆಯುವ ಕೆಲಸಗಳು ಯಾವುವು, ಅವು ಯಾರ ಖಾತೆಯಲ್ಲಿವೆ, ತಪ್ಪಿದರೆ ಯಾರಿಗೆ ತಿಳಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನೂ ಆಡಳಿತ ಮಂಡಳಿಗೆ ಕೇಳಿ, ಉತ್ತರ ದೊರೆಯದಿದ್ದಲ್ಲಿ ತಮ್ಮ ವರದಿಯಲ್ಲಿ ಆಕ್ಷೇಪವನ್ನು ಬರೆಯಲಿ.