ಟ್ರಾಕ್ಟರ್ ಹೊರುವ ಟ್ರೈಲರ್ ಪುರಾಣ

ನಮ್ಮೂರ ಕಡೆ ಟ್ರೈಲರ್ ಅಂದ್ರೆ ಟ್ರಾಕ್ಟರ್ ಎಳೆಯೋದು. ಕಬ್ಬಿನ ಕಾಲದಲ್ಲಿ ಮಂಡ್ಯ ದಾಟಿದವರಿಗೆಲ್ಲ ಆ ದೃಶ್ಯ ಗೊತ್ತು. ಅಮೆರಿಕದಲ್ಲಿ ಎಲ್ಲ ಉಲ್ಟಾ. ಟ್ರೈಲರ್ ಮೇಲೆ ಟ್ರಾಕ್ಟರ್ ಮಹಾರಾಜರ ಥರ ಕೂತಿರುತ್ತೆ, ಎಳೆಯೋದು ಪಿಕಪ್ ಟ್ರಕ್. ಮೊದಲ ಸಲ ಫೋಟೋ ಕಳಿಸಿದಾಗ ಅಮ್ಮ ಕೇಳಿದ್ದು, "ಯಾಕೋ, ಕೆಟ್ಟು ನಿಂತಿತ್ತಾ?" :)

ಕೆಟ್ಟಿರಲಿಲ್ಲ. ನಾವಿರೋದು ನಾರ್ತ್ ಕೆರೊಲಿನಾದಲ್ಲಿ, ರಾಲಿ ಊರಿನಿಂದ ಸ್ವಲ್ಪ ಆಚೆ. ಆರು ಎಕರೆ ಕೆಮ್ಮಣ್ಣು, 25 ಎಚ್‌ಪಿಯ ಸಣ್ಣ ಟ್ರಾಕ್ಟರ್. ನಲವತ್ತು ಮೈಲಿ ದೂರದ ಗೆಳೆಯನ ಜಮೀನಿಗೂ ಇದೇ ಹೋಗಬೇಕು. ಓಡಿಸಿಕೊಂಡು ಹೋದ್ರೆ ಆಮೆ, ಹೈವೇಗೆ ಬಿಡೋದೂ ಇಲ್ಲ. ಹಾಗಾಗಿ ಟ್ರೈಲರ್.

ಇಲ್ಲಿ ಅಂಗಡಿಯವರು ಪ್ಯಾಕೇಜ್ ಅಂತ ಮಾರ್ತಾರೆ. ಟ್ರಾಕ್ಟರ್, ಲೋಡರ್, ಹುಲ್ಲು ಕತ್ತರಿಸೋ ಕಟರ್, ಮಣ್ಣು ಸಮ ಮಾಡೋ ಬಾಕ್ಸ್ ಬ್ಲೇಡ್, ಜೊತೆಗೊಂದು ಟ್ರೈಲರ್, ಎಲ್ಲಾ ಒಂದೇ ಬೆಲೆ. ಟ್ರಾಕ್ಟರಿಗೆ ಹತ್ತು ಅಂಗಡಿ ಅಲೆದ ನಾನು ಟ್ರೈಲರನ್ನ ಕಣ್ಣೆತ್ತಿಯೂ ನೋಡಲಿಲ್ಲ. ತರಕಾರಿ ಜೊತೆ ಕೊಡೋ ಕರಿಬೇವು ಅಂತ ತಿಳ್ಕೊಂಡಿದ್ದೆ. ನನಗೆ ಸಿಕ್ಕಿದ್ದು 16 ಅಡಿಯದ್ದು, ಮೇಲೆ 7000 ಪೌಂಡ್ ಅಂತ ಚೀಟಿ. ಏಳು ಸಾವಿರ ಹೊರುತ್ತೆ, ಸಾಕಲ್ಲ ಅಂದ್ಕೊಂಡೆ.

ಮೊದಲ ತಪ್ಪು ಅಲ್ಲೇ. ಆ 7000ದಲ್ಲಿ ಟ್ರೈಲರಿನ ಸ್ವಂತ ತೂಕವೂ ಸೇರಿದೆ! ಅದೇ ಸುಮಾರು 2000. ಉಳಿದದ್ದು 5000. ಈಗ ಲೆಕ್ಕ ಹಾಕಿ: ಟ್ರಾಕ್ಟರ್ 2600, ಬಕೆಟ್ ಸಮೇತ ಲೋಡರ್ 950, ಹಿಂದಿನ ಟೈರಿನೊಳಗೆ ತುಂಬಿಸಿದ ನೀರು 500, ಕಟರ್ 550, ಬಾಕ್ಸ್ ಬ್ಲೇಡ್ 400. ಒಟ್ಟು ಸರಿಯಾಗಿ 5000. ಡೀಸೆಲ್, ಸರಪಳಿ, ಕ್ಯಾನು ಹಾಕಿದ್ರೆ ಮುಗೀತು. ಕ್ಯಾಟಲಾಗಿನಲ್ಲಿ ಬರೆದಿರೋದು ಬರೀ ಟ್ರಾಕ್ಟರಿನ ತೂಕ, ನಾವು ನೋಡೋದೂ ಅದನ್ನೇ.

ಎರಡನೇ ತಪ್ಪು ಉದ್ದದ್ದು. ಲೋಡರ್, ಕಟರ್ ಎರಡೂ ಸೇರಿದ್ರೆ ಟ್ರಾಕ್ಟರ್ 16 ಅಡಿಯಲ್ಲಿ ಹಿಡಿಯೋದಿಲ್ಲ. ನಾನು ಕಟರನ್ನ ಹಿಂದಕ್ಕೆ ನೇತಾಡಿಸಿಕೊಂಡು ಹೊರಟೆ. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಮಗ. ಒಂದು ಇಳಿಜಾರಿನಲ್ಲಿ 60 ಮೈಲಿ ಸ್ಪೀಡು. ಟ್ರೈಲರಿನ ಬಾಲ ಮೆಲ್ಲಗೆ ಎಡಕ್ಕೆ, ಆಮೇಲೆ ಬಲಕ್ಕೆ, ಆಮೇಲೆ ಇನ್ನೂ ಜೋರಾಗಿ... ಕನ್ನಡಿಯಲ್ಲಿ ಟ್ರಾಕ್ಟರ್ ಒಂದ್ಸಲ ಈ ಕಡೆ ಕಾಣುತ್ತೆ, ಒಂದ್ಸಲ ಆ ಕಡೆ. ಟ್ರಕ್ಕಿನ ಬ್ರೇಕ್ ಒತ್ತಿದ್ರೆ ಕೆಲಸ ಕೆಡುತ್ತೆ ಅಂತ ಎಲ್ಲೋ ಓದಿದ್ದು ಆ ಕ್ಷಣಕ್ಕೆ ನೆನಪಾಯ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಟ್ರೈಲರಿನ ಬ್ರೇಕ್ ಮಾತ್ರ ಕೈಯಲ್ಲಿ ಹಾಕಿದೆ. ನಿಂತಿತು. ಹೆಂಡತಿ ಊರು ಬರೋ ತನಕ ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಕಾರಣ ತುಂಬಾ ಸರಳ. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಟ್ರಕ್ಕಿನ ಕೊಂಡಿಯ ಮೇಲೆ ಕೂರಬೇಕು. ಹೊರೆ ಹಿಂದಕ್ಕೆ ಸರಿದ್ರೆ ಕೊಂಡಿ ಹಗುರ ಆಗುತ್ತೆ, ಬಾಲ ಕುಣಿಯುತ್ತೆ. ಎತ್ತಿನ ಗಾಡಿ ಹೂಡುವವರು ಹೊರೆ ಮುಂದೆ ತಳ್ಳಿ ನೊಗ ಹಿಡಿದು ನೋಡ್ತಿದ್ರಲ್ಲ, ಅದೇ ವಿದ್ಯೆ. ನಾನು ಎಂಜಿನಿಯರಿಂಗ್ ಓದಿದವನು, ನಾಚಿಕೆ ಆಗ್ಬೇಕು.

ಹಾಗಾಗಿ ನನ್ನ ವಾದ ಏನಪ್ಪಾ ಅಂದ್ರೆ, ಪ್ಯಾಕೇಜಿನ ಟ್ರೈಲರ್ ಬೇಡ ಅನ್ನಿ. ಇಂಥ ಟ್ರಾಕ್ಟರಿಗೆ 20 ಅಡಿ, 10,000 ಪೌಂಡಿನದ್ದು, ಎರಡೂ ಆಕ್ಸಲಿಗೆ ಬ್ರೇಕ್ ಇರೋದು ಬೇಕು. ಹಾಗೇ ನಿಮ್ಮ ಟ್ರಕ್ಕಿಗೆ ಅಷ್ಟು ಎಳೆಯೋ ಶಕ್ತಿ ಇದೆಯಾ, ಬಾಗಿಲ ಹತ್ತಿರದ ಚೀಟಿ, ಮ್ಯಾನುಯಲ್ ಎರಡನ್ನೂ ಓದಿ. ಒಮ್ಮೆ ಎಲ್ಲಾ ಹೇರಿಕೊಂಡು ಟ್ರಕ್ ಸ್ಟಾಪಿನ ಕಾಟದ ಮೇಲೆ ತೂಗಿಸಿ. ವರ್ಷಕ್ಕೆ ಎರಡೇ ಸಲ ಸಾಗಿಸೋದಾದ್ರೆ ಟ್ರೈಲರೇ ಬೇಡ, ದುಡ್ಡು ಕೊಟ್ಟು ಬೇರೆಯವರ ಕೈಲಿ ಮಾಡಿಸಿ. ಇದನ್ನ ಹೇಳಿದ್ರೆ ಗಂಡಸರಿಗೆ ಯಾಕೋ ಅವಮಾನ ಆಗುತ್ತೆ.

ಹತ್ತಿಸೋದರ ಬಗ್ಗೆ ಒಂದು ಮಾತು, ಯಾಕಂದ್ರೆ ಇದು ನನಗೂ ತಡವಾಗಿ ಹೊಳೀತು. ಟ್ರಾಕ್ಟರ್ ರ‍್ಯಾಂಪ್ ಏರುವಾಗ ತೂಕವೆಲ್ಲ ಟ್ರೈಲರಿನ ಬಾಲದ ಮೇಲೆ. ಬಾಲ ಕುಸಿದ್ರೆ ಮೂತಿ ಮೇಲೇಳುತ್ತೆ, ಜೊತೆಗೆ ಟ್ರಕ್ಕಿನ ಹಿಂದಿನ ಚಕ್ರಗಳೂ. ಪಿಕಪ್ಪಿನ ಪಾರ್ಕಿಂಗ್ ಬ್ರೇಕ್ ಹಿಡಿಯೋದು ಆ ಹಿಂದಿನ ಚಕ್ರಗಳನ್ನೇ! ಟ್ರಕ್ ಸುಮ್ಮನೆ ಮುಂದಕ್ಕೆ ಉರುಳುತ್ತೆ, ನೀವು ಅರ್ಧ ರ‍್ಯಾಂಪಿನಲ್ಲಿ. ಅದಕ್ಕೇ ಸಮತಟ್ಟು ನೆಲ, ಟ್ರೈಲರಿನ ಬಾಲದ ಕೆಳಗೆ ಮರದ ದಿಮ್ಮಿ, ಟ್ರಕ್ಕಿನ ಮುಂದಿನ ಚಕ್ರಕ್ಕೂ ಅಡ್ಡಗಲ್ಲು. ಬಕೆಟ್ ತಗ್ಗಿಸಿ, ಫೋರ್ ವೀಲ್ ಡ್ರೈವ್ ಹಾಕಿ, ಲೋ ಗೇರಿನಲ್ಲಿ ಹತ್ತಿಸಿ. ಉರುಳಿದ್ರೆ ಕಾಪಾಡೋ ಕಮಾನು ಎತ್ತಿರಲಿ, ಸೀಟ್ ಬೆಲ್ಟ್ ಇರಲಿ. ಹಿಂದೆ ಮಕ್ಕಳು ನಿಲ್ಲೋದು ಬೇಡವೇ ಬೇಡ.

ಕಟ್ಟೋದಕ್ಕೆ ನಾಲ್ಕು ಮೂಲೆಗೆ ನಾಲ್ಕು ಸರಪಳಿ, ಟ್ರಾಕ್ಟರಿನ ಚೌಕಟ್ಟಿಗೆ. ಗ್ರೇಡ್ 70ರ 5/16 ಇಂಚಿನದ್ದು ಒಂದೊಂದಕ್ಕೂ 4700 ಪೌಂಡ್ ತಾಳುತ್ತೆ. ಬಕೆಟ್ಟಿಗೆ, ಕಟರಿಗೆ ಬೇರೆ ಕಟ್ಟು. ಹತ್ತು ಮೈಲಿ ಹೋಗಿ ನಿಲ್ಲಿಸಿ ನೋಡಿ, ಒಂದಾದ್ರೂ ಸಡಿಲ ಆಗಿರುತ್ತೆ.

ನನ್ನ 16 ಅಡಿಯದ್ದನ್ನ ಇನ್ನೂ ಚಿಕ್ಕ ಟ್ರಾಕ್ಟರ್ ಇದ್ದವರಿಗೆ ಮಾರಿದೆ, ತೂಕದ ಲೆಕ್ಕವನ್ನೂ ಬರೆದು ಕೊಟ್ಟೆ. ಅವರಿಗೆ ಅದು ಸರಿಹೋಯ್ತು. ಮೊನ್ನೆ ಇಲ್ಲಿನ ಕನ್ನಡದ ಗೆಳೆಯರೊಬ್ಬರು ಖುಷಿಯಿಂದ ಫೋನ್ ಮಾಡಿದ್ರು, ಒಳ್ಳೇ ಪ್ಯಾಕೇಜ್ ಸಿಕ್ಕಿದೆ ಅಂತ. ಟ್ರೈಲರ್ ಎಷ್ಟು ಪೌಂಡಿನದ್ದು ಅಂತ ಕೇಳಿದೆ. "ಏಳು ಸಾವಿರ ಹೊರುತ್ತಂತೆ ಮಾರಾಯ" ಅಂದ್ರು. ಈ ಶನಿವಾರ ಅವರ ಮನೆಗೆ ಹೊರಟಿದ್ದೀನಿ.