ಮಂಡೆಬೆಚ್ಚಕ್ಕೂ ಮದ್ದುಂಟು

ಕೋಡಿಂಬಾಳದ ದುಡಿಯುವ ಅಕ್ಕ-ಅಣ್ಣಂದಿರೇ,

ಬೆಳಗಿನ ಜಾವ ಹಣೆಗೆ ಲೈಟು ಕಟ್ಟಿ ರಬ್ಬರ್ ಟ್ಯಾಪಿಂಗಿಗೆ ಹೊರಡುವವರು ನೀವು. ಮನೆಗೆಲಸ ಮುಗಿಸಿ ಜಗಲಿಯಲ್ಲಿ ಗೋಡೆಗೊರಗಿ ಬೀಡಿ ಕಟ್ಟುವವರು ನೀವು. ಕಡಬ ಪೇಟೆಯ ಅಂಗಡಿಯಲ್ಲಿ ದಿನವಿಡೀ ನಿಂತು ಸಂಜೆ ಬಸ್ಸಿಗೆ ಓಡುವವರೂ ನೀವೇ. ಸೊಂಟ ಹಿಡಿದಿದೆ ಎಂದರೆ ಧನಿಗಳು ಒಂದು ದಿನ ರಜೆ ಕೊಟ್ಟಾರು. "ರಾತ್ರಿ ನಿದ್ದೆ ಇಲ್ಲ, ಕೆಲಸಕ್ಕೆ ಹೊರಡುವಾಗ ಎದೆ ಡವಡವ ಹೊಡೆದುಕೊಳ್ಳುತ್ತದೆ, ಯಾರ ಮುಖವೂ ಬೇಡ" ಎಂದು ಹೇಳಿ ನೋಡಿ. "ಅವನಿಗೆ ಉದಾಸೀನ" ಎಂದು ಮಾತು ಮುಗಿಸುತ್ತಾರೆ.

ಅದು ಉದಾಸೀನ ಅಲ್ಲ. ವಾರಗಟ್ಟಲೆ ಬಿಡದೆ ಕಾಡಿದರೆ ಅದು ಖಿನ್ನತೆಯೋ ಆತಂಕದ ಕಾಯಿಲೆಯೋ ಆಗಿರಬಹುದು. ಇವೆರಡರಿಂದಲೇ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಮಿತಿಮೀರಿದ ದುಡಿಮೆ, ನಾಳೆ ಕೆಲಸ ಉಂಟೋ ಇಲ್ಲವೋ ಎಂಬ ಹೆದರಿಕೆ, ಮೇಲಿನವರ ಬೈಗುಳ ಮನಸ್ಸನ್ನು ಕೆಡಿಸುತ್ತವೆ ಎಂದೂ ಅದು ಹೇಳುತ್ತದೆ. ಇದೆಲ್ಲ ಬೆಂಗಳೂರಿನ ಕಂಪ್ಯೂಟರ್ ಕಚೇರಿಗಳ ಸಂಗತಿ ಎಂದು ಬಿಟ್ಟುಬಿಡಬೇಡಿ. ಮಳೆ ಹಿಡಿದರೆ ಟ್ಯಾಪಿಂಗ್ ನಿಲ್ಲುತ್ತದೆ, ಕೂಲಿ ನಿಲ್ಲುತ್ತದೆ. ಸಂಘದ ಸಾಲದ ಕಂತು ನಿಲ್ಲುವುದಿಲ್ಲ. ಕಟ್ಟಿಕೊಟ್ಟ ಬೀಡಿಯನ್ನು ಸರಿಯಿಲ್ಲವೆಂದು ಪಕ್ಕಕ್ಕೆ ತೆಗೆದಿಟ್ಟರೆ ಅಷ್ಟು ಹೊತ್ತಿನ ದುಡಿಮೆ ನೀರುಪಾಲು. ಈ ಭಾರ ಹೊತ್ತು ಮಲಗಿದವರಿಗೆ ನಿದ್ದೆ ಹೇಗೆ ಬರಬೇಕು?

2015-16ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಮುಂದೆ ನಿಂತು ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಶೇ. 10.6 ಮಂದಿಗೆ ಮಾನಸಿಕ ತೊಂದರೆ ಇರುವುದು, ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯೇ ಇಲ್ಲದೆ ದಿನ ದೂಡುತ್ತಿರುವುದು ಅದರಿಂದ ಗೊತ್ತಾಯಿತು. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಪಕ್ಕದ ಕೇರಳ ಇತ್ತು. ನಿಮ್ಹಾನ್ಸ್ ಇರುವ ನಮ್ಮ ಕರ್ನಾಟಕವೇ ಇರಲಿಲ್ಲ. ನಮ್ಮ ತೋಟ, ನಮ್ಮ ಜಗಲಿ ಆ ಲೆಕ್ಕಕ್ಕೆ ಸಿಕ್ಕಿಲ್ಲ. ನಮ್ಮ ಕಷ್ಟವನ್ನು ನಾವೇ ಬಾಯಿಬಿಟ್ಟು ಹೇಳಬೇಕಾಗಿದೆ.

ಮೊದಲು ಈ ಸಂಖ್ಯೆ ಬರೆದಿಟ್ಟುಕೊಳ್ಳಿ: 14416. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್. ಹಗಲಿರುಳು ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಕರೆ ಮಾಡಿ, ಹತ್ತಿರದವರನ್ನೂ ಎಬ್ಬಿಸಿ. ತೋಟದ ಧನಿಗಳೇ, ಅಂಗಡಿಯವರೇ, ಈ ಸಂಖ್ಯೆಯನ್ನು ಕೆಲಸದವರ ಕಣ್ಣಿಗೆ ಬೀಳುವಲ್ಲಿ ಅಂಟಿಸಿ. ಕೆಲಸದ ಆಳು ಮಂಕಾಗಿದ್ದರೆ ನಾಲ್ಕು ಜನರೆದುರು ಬೈಯಬೇಡಿ. ಬದಿಗೆ ಕರೆದು "ಏನಾಯಿತು ಮಾರಾಯ?" ಎಂದು ಕೇಳಿ.

ಫೋನು ಒಂದರಿಂದ ಎಲ್ಲವೂ ಆಗದು. ಸರ್ಕಾರಿ ವ್ಯವಸ್ಥೆಯಲ್ಲಿ ಮನಸ್ಸಿನ ಚಿಕಿತ್ಸೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರತಿಯೊಬ್ಬರಿಗೂ ಕೊಟ್ಟ ಹಕ್ಕು. ಆದರೆ ಹಗಲು ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಹಾಗಾಗಿಯೇ ಎಷ್ಟೋ ಜನ ಹೋಗುವುದಿಲ್ಲ. ಕಡಬದ ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ದಿನಗೂಲಿಯವರಿಗೆಂದೇ ಆಪ್ತಸಮಾಲೋಚಕರು ಕೂರಬೇಕು. ನಮ್ಮ ಬೇಡಿಕೆ ಇಷ್ಟೇ.

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನದಂದು ಬೆಳಿಗ್ಗೆ 10 ಗಂಟೆಗೆ ಕಡಬ ಪಟ್ಟಣ ಪಂಚಾಯತ್ ಕಚೇರಿಗೆ ಬನ್ನಿ, ಈ ಬೇಡಿಕೆಯ ಅರ್ಜಿಗೆ ಸಹಿ ಹಾಕಿ. ಕೆಲಸ ಬಿಟ್ಟು ಮನೆಯೊಳಗೇ ಕುಳಿತಿರುವ ಒಬ್ಬರು ನಿಮ್ಮ ನೆರೆಕರೆಯಲ್ಲೂ ಇದ್ದಾರು. ಹಿಂದಿನ ದಿನ ಅವರ ಮನೆಗೊಮ್ಮೆ ಹೋಗಿ. ಬರುತ್ತೇನೆಂದರೆ ಕೈಹಿಡಿದು ಕರೆತನ್ನಿ. ಒಲ್ಲೆನೆಂದರೆ ಒತ್ತಾಯ ಬೇಡ, ಚಾ ಕುಡಿದು ಸ್ವಲ್ಪ ಹೊತ್ತು ಅವರ ಜೊತೆ ಕುಳಿತು ಬನ್ನಿ.